ಒಂಬತ್ತಕ್ಕೆ ಬೀಳುವ ಹಕ್ಕಿ

"ಮಾಮ, ಇವತ್ತು ರಾತ್ರಿ ಕಳೆದರೆ ಈ ಆಟ ಸಿಗುವುದಿಲ್ಲವಂತೆ, ಈಗಲೇ ಹಾಕಿಕೊಳ್ಳಿ" ಎನ್ನುತ್ತಾ ಅಕ್ಕನ ಮಗ ನನ್ನ ಮೊಬೈಲನ್ನು ತೆಗೆದುಕೊಂಡದ್ದು 2014ರ ಫೆಬ್ರವರಿ 9ರ ಭಾನುವಾರ. ಆಟದ ಹೆಸರು ಫ್ಲ್ಯಾಪಿ ಬರ್ಡ್. ವಿಯೆಟ್ನಾಂನ ಹನೋಯಿಯಲ್ಲಿದ್ದ ಡಾಂಗ್ ನ್ಗುಯೆನ್ ಎಂಬ ತರುಣ ಒಬ್ಬನೇ ರಚಿಸಿದ್ದು. 2013ರ ಮೇ ತಿಂಗಳಲ್ಲಿ ಬಿಡುಗಡೆಯಾಗಿ ಎಷ್ಟೋ ಕಾಲ ಯಾರ ಕಣ್ಣಿಗೂ ಬೀಳದಿದ್ದ ಆಟ, 2014ರ ಜನವರಿಯ ಹೊತ್ತಿಗೆ ಜಗತ್ತನ್ನೇ ಹಿಡಿದು ಕೂರಿಸಿತ್ತು. ಜಾಹೀರಾತಿನಿಂದ ದಿನಕ್ಕೆ ಸುಮಾರು 50,000 ಡಾಲರ್ ಬರುತ್ತಿದ್ದ ಕಾಲದಲ್ಲೇ, ಇನ್ನು 22 ಗಂಟೆಗಳಲ್ಲಿ ಆಟವನ್ನು ಹಿಂತೆಗೆದುಕೊಳ್ಳುತ್ತೇನೆ ಎಂದು ಆತ ಟ್ವಿಟರ್‌ನಲ್ಲಿ ಘೋಷಿಸಿದ್ದ.

ಪರದೆಯನ್ನು ಮುಟ್ಟಿದರೆ ಹಕ್ಕಿ ಒಮ್ಮೆ ರೆಕ್ಕೆ ಬಡಿದು ಮೇಲೇರುತ್ತದೆ, ಬಿಟ್ಟರೆ ಕೆಳಗಿಳಿಯುತ್ತದೆ. ಎದುರಿಗೆ ಹಸಿರು ಪೈಪುಗಳು, ಅವುಗಳ ನಡುವೆ ಒಂದು ಸಂದು. ದಾಟಿದ ಪ್ರತಿ ಸಂದಿಗೆ ಒಂದು ಅಂಕ, ಪೈಪಿಗೆ ಬಡಿದರೆ ಆಟ ಮುಗಿಯಿತು. ಇದನ್ನು ಯಾರಿಗೂ ಕಲಿಸಿಕೊಡಬೇಕಾಗಿಲ್ಲ. ಹಾಗಿದ್ದೂ ಮೊದಲ ಪೈಪಿಗೇ ಹಕ್ಕಿ ಬಡಿಯಿತು. ಎರಡನೆಯ ಸಲವೂ ಬಡಿಯಿತು. ಹುಡುಗ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಹತ್ತು ಅಂಕಕ್ಕೆ ಕಂಚಿನ ಪದಕ ಬರುತ್ತದೆ, ಇಪ್ಪತ್ತಕ್ಕೆ ಬೆಳ್ಳಿ, ಮೂವತ್ತಕ್ಕೆ ಚಿನ್ನ ಎಂದು ಅವನೇ ಹೇಳಿದ್ದ. ಮಧ್ಯಾಹ್ನ ಸರಿದು ಹೋದರೂ ನನ್ನ ಹಕ್ಕಿ ಒಂಬತ್ತರ ಆಚೆ ಹೋಗಲಿಲ್ಲ.

ಆ ಒಂಬತ್ತು ನನ್ನನ್ನು ಕಾಡಿದಂತೆ ಮೂರು, ನಾಲ್ಕು ಕಾಡಲಿಲ್ಲ. ಮೂರಕ್ಕೆ ಬಿದ್ದರೆ ಮನಸ್ಸಿಗೆ ಏನೂ ಅನ್ನಿಸದು. ಒಂಬತ್ತಕ್ಕೆ ಬಿದ್ದಾಗ ಮಾತ್ರ ಹೊಟ್ಟೆಯೊಳಗೆ ಏನೋ ಹಿಂಡಿದಂತಾಗುತ್ತದೆ, ಕೈ ತಾನಾಗಿ ಮತ್ತೆ ಪರದೆಯನ್ನು ಮುಟ್ಟುತ್ತದೆ. ಬಿದ್ದ ಮರುಕ್ಷಣವೇ ಆಟ ಮತ್ತೆ ಸಿದ್ಧವಾಗಿರುತ್ತದೆ. ಬೇಸರಪಟ್ಟು ಮೊಬೈಲನ್ನು ಕೆಳಗಿಡಲು ಬೇಕಾದ ಬಿಡುವನ್ನೇ ಅದು ಕೊಡುವುದಿಲ್ಲ. ಈ ಆಟಗಳ ಹಿಡಿತದ ಅರ್ಧ ಗುಟ್ಟು ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ.

ಉಳಿದ ಅರ್ಧ ನನಗೆ ತಿಳಿದದ್ದು ಸಂಜೆ, ಸಿಟ್ಟು ತಣಿದ ಮೇಲೆ. ಹಕ್ಕಿಯ ವೇಗ ಎಂದೂ ಬದಲಾಗುವುದಿಲ್ಲ. ಸಂದಿನ ಅಗಲವೂ ಅಷ್ಟೇ ಇರುತ್ತದೆ. ಮೊದಲನೆಯ ಪೈಪಿಗಿಂತ ನೂರನೆಯದು ಕಷ್ಟವೇನಲ್ಲ. ಸಂದು ಎಷ್ಟು ಎತ್ತರದಲ್ಲಿ ಬರುತ್ತದೆ ಎಂಬುದೊಂದೇ ಬದಲಾಗುತ್ತದೆ. ಬದಲಾಗುತ್ತಿದ್ದವನು ನಾನು. ಏಳು ದಾಟುತ್ತಿದ್ದಂತೆ ಬೆರಳು ಬಿಗಿಯುತ್ತಿತ್ತು, ಒಂದು ಬಡಿತ ಸಾಕಾದಲ್ಲಿ ಎರಡು ಬಡಿಯುತ್ತಿದ್ದೆ. ಅದರಲ್ಲೂ ಎತ್ತರದ ಸಂದಿನಿಂದ ತಗ್ಗಿನ ಸಂದಿಗೆ ಇಳಿಯುವಾಗ ಮಾಡಬೇಕಾದದ್ದು ಏನೂ ಇಲ್ಲ, ಸುಮ್ಮನೆ ಬೀಳಲು ಬಿಡಬೇಕು. ಬೀಳುತ್ತಿರುವ ಹಕ್ಕಿಯನ್ನು ನೋಡುತ್ತಾ ಬೆರಳನ್ನು ತಡೆದು ಹಿಡಿಯುವುದಿದೆಯಲ್ಲ, ಅದು ಎಷ್ಟು ಕಷ್ಟ!

ಹಕ್ಕಿಯನ್ನು ನೋಡುವುದನ್ನು ಬಿಟ್ಟು ಮುಂದಿನ ಸಂದಿನ ಕೆಳಅಂಚಿನ ಮೇಲೆ ಕಣ್ಣಿಟ್ಟೆ. ಹಕ್ಕಿ ಆ ಅಂಚಿನ ಹತ್ತಿರಕ್ಕೆ ಇಳಿಯುವವರೆಗೆ ಬೆರಳೆತ್ತಲಿಲ್ಲ. ಹನ್ನೆರಡು ಬಂತು. ಹುಡುಗ ಕುಣಿದಾಡಿದ. ನನಗೆ ಆದ ಸಂತೋಷ ಅವನದಕ್ಕಿಂತ ಕಡಿಮೆಯದಲ್ಲ. ದೊಡ್ಡ ದೊಡ್ಡ ಕಥೆಗಳಿರುವ, ದುಬಾರಿ ಚಿತ್ರಗಳಿರುವ ಆಟಗಳನ್ನು ಮುಗಿಸಿದಾಗಲೂ ನಾನು ಅಷ್ಟು ಹಿಗ್ಗಿರಲಿಲ್ಲ. ಆ ಹನ್ನೆರಡರಲ್ಲಿ ಅದೃಷ್ಟದ ಪಾಲು ತೀರಾ ಸಣ್ಣದು. ಆಟ ನನಗೆ ಏನನ್ನೂ ಬಿಟ್ಟುಕೊಟ್ಟಿರಲಿಲ್ಲ, ನನ್ನಿಂದ ಏನನ್ನೂ ಕಸಿದುಕೊಂಡಿರಲಿಲ್ಲ.

ಕಷ್ಟದ ಆಟಗಳಲ್ಲೆಲ್ಲ ಈ ನಿಯತ್ತು ಇರುವುದಿಲ್ಲ. ಆಮೇಲೆ ಆಡಿದ ಒಂದು ಪದಬಂಧದಂಥ ಆಟದಲ್ಲಿ, ನಲವತ್ತನೆಯ ಹಂತದ ಸುಮಾರಿಗೆ ಎಷ್ಟು ಯೋಚಿಸಿದರೂ ದಾರಿ ಸಿಗದಂತೆ ಮಾಡಿ, ಹಣ ಕೊಟ್ಟರೆ ಸುಳಿವು ಎಂದು ಕೈಚಾಚಿದರು. ಅಲ್ಲಿ ನನಗೆ ಬಂದದ್ದು ಬೇರೆಯದೇ ಸಿಟ್ಟು. ಸೋಲನ್ನು ಸರಕು ಮಾಡಿ ಮಾರುವವರ ಮೇಲಿನ ಸಿಟ್ಟು. ಫ್ಲ್ಯಾಪಿ ಬರ್ಡ್‌ನಲ್ಲಿ ಜಾಹೀರಾತು ಇತ್ತು, ನಿಜ. ಆದರೆ ಹೆಚ್ಚುವರಿ ಜೀವವನ್ನು ಯಾರಿಗೂ ಮಾರುತ್ತಿರಲಿಲ್ಲ. ಟೆರ‍್ರಿ ಕ್ಯಾವನಾ ಎಂಬಾತ 2012ರಲ್ಲಿ ಮಾಡಿದ, ಸುತ್ತಲಿಂದ ಮುಚ್ಚಿಬರುವ ಗೋಡೆಗಳಿಂದ ತಪ್ಪಿಸಿಕೊಳ್ಳುವ ಸೂಪರ್ ಹೆಕ್ಸಾಗನ್ ಎಂಬ ಆಟ ಇನ್ನೂ ನೇರ: ಅದರ ಅತ್ಯಂತ ಸುಲಭದ ಹಂತದ ಮೇಲೆಯೇ 'ಕಠಿಣ' ಎಂದು ಬರೆದಿದೆ. ಅದರಲ್ಲಿ ಮೊದಮೊದಲು ಕೆಲವೇ ಸೆಕೆಂಡು ಉಳಿದವರೂ ಮತ್ತೆ ಮತ್ತೆ ಹೋಗುತ್ತಾರೆ, ಏಕೆಂದರೆ ಅದು ಮೊದಲೇ ಎಚ್ಚರಿಸಿದೆ.

ಆಟ ಜನರಿಗೆ ಚಟವಾಗುತ್ತಿದೆ ಎಂಬುದೇ ಅದನ್ನು ಹಿಂತೆಗೆದುಕೊಳ್ಳಲು ಕಾರಣ ಎಂದು ನ್ಗುಯೆನ್ ಆಮೇಲೆ ಹೇಳಿದ. ಆ ಮಾತನ್ನು ನಾನು ಗೌರವಿಸುತ್ತೇನೆ. ಆ ಭಾನುವಾರ ಊಟದ ಕರೆಯೂ ಕಿವಿಗೆ ಬಿದ್ದಿರಲಿಲ್ಲ. ಆದರೂ ಅಷ್ಟು ಹಣ ಬರುವಾಗ ಕೈಬಿಟ್ಟವನ ಆಟವನ್ನು, ಸುಳಿವು ಮಾರುವವರ ಆಟದ ಸಾಲಿಗೆ ಸೇರಿಸಲು ನನಗೆ ಮನಸ್ಸಿಲ್ಲ. ಈಗ ಹೊಸ ಆಟವೊಂದನ್ನು ಹಾಕಿಕೊಂಡರೆ ಮೊದಲು ಬೇಕೆಂದೇ ಸೋತು ನೋಡುತ್ತೇನೆ. ಸೋತ ಕೂಡಲೇ ಮತ್ತೆ ಆಡಲು ಬಿಟ್ಟರೆ ಉಳಿಸಿಕೊಳ್ಳುತ್ತೇನೆ, ಹಣ ಕೇಳಿದರೆ ಅಲ್ಲೇ ಅಳಿಸುತ್ತೇನೆ.