ಮಾವನ ಟ್ರಂಕಿನಲ್ಲಿದ್ದ ಮ್ಯಾಂಚೆಸ್ಟರ್

ದಾವಣಗೆರೆಯ ನಮ್ಮ ಹಳೆಯ ಮನೆಯ ಅಟ್ಟವನ್ನು ಕಳೆದ ತಿಂಗಳು ಖಾಲಿ ಮಾಡುವಾಗ, ಸೋದರಮಾವ ಮುಂಬಯಿಯಿಂದ ತಂದಿಟ್ಟಿದ್ದ ಕಬ್ಬಿಣದ ಟ್ರಂಕಿನಲ್ಲಿ, ಹತ್ತಿಸೀರೆಯಲ್ಲಿ ಸುತ್ತಿದ್ದ ಹನ್ನೊಂದು ಗ್ರಾಮಫೋನ್ ತಟ್ಟೆಗಳು ಸಿಕ್ಕವು. ಅವುಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಇಂಗ್ಲೆಂಡಿನ ಬಜ್‌ಕಾಕ್ಸ್ ಎಂಬ ಪಂಕ್ (ಒರಟು, ವೇಗದ ರಾಕ್ ಸಂಗೀತ) ತಂಡದ ‘ಸ್ಪೈರಲ್ ಸ್ಕ್ರಾಚ್’ ಎಂಬ ಏಳು ಇಂಚಿನ ಪುಟ್ಟ ತಟ್ಟೆ. ದೊಡ್ಡ ಕಂಪನಿಗಳ ಬಾಗಿಲು ಕಾಯದೆ, ಮನೆಯವರಿಂದಲೂ ಗೆಳೆಯರಿಂದಲೂ ಸುಮಾರು 500 ಪೌಂಡ್ ಸಾಲ ಪಡೆದು, ಮ್ಯಾಂಚೆಸ್ಟರಿನ ಆ ಹುಡುಗರು ನಾಲ್ಕೇ ಹಾಡುಗಳನ್ನು ಧ್ವನಿಮುದ್ರಿಸಿ 1977ರ ಜನವರಿಯಲ್ಲಿ ತಾವೇ ಹೊರತಂದರು. ಮೊದಲು ಮಾಡಿಸಿದ್ದು 1000 ಪ್ರತಿ. ಯಾವ ಹಾಡು ಎಷ್ಟನೆಯ ಪ್ರಯತ್ನದಲ್ಲಿ ಕೈಗೂಡಿತೆಂಬುದನ್ನೂ ಹೊದಿಕೆಯ ಹಿಂಬದಿಯಲ್ಲಿ ಮುಚ್ಚುಮರೆಯಿಲ್ಲದೆ ಮುದ್ರಿಸಿದ್ದಾರೆ. ಈ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಹತ್ತಿ ಗಿರಣಿಗಳ ಕಾಲದಲ್ಲಿ ನಮ್ಮೂರನ್ನೂ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಆ ಗಿರಣಿಗಳು ಒಂದೊಂದಾಗಿ ಸದ್ದಡಗಿದ್ದನ್ನು ಕಂಡ ಊರಿನವರಿಗೆ ಈ ಸಂಗೀತದ ಒರಟುತನ ಪರಕೀಯವೆನಿಸಲಾರದು ಎಂದೇ ನನ್ನ ನಂಬಿಕೆ.

ಮೆದುಬಟ್ಟೆಯಿಂದ ಗೆರೆಗಳ ಗುಂಟ ಧೂಳು ಒರೆಸಿ ಮುಳ್ಳು ಇಟ್ಟೆ. ಮೊದಲು ಚಟಪಟ ಸದ್ದು, ಆಮೇಲೆ ಡ್ರಮ್ಮು. ‘ಬೋರ್‌ಡಮ್’ ಹಾಡಿನ ನಡುವೆ ಗಿಟಾರು ಎರಡೇ ಸ್ವರಗಳನ್ನು ಹಿಡಿದು ಮತ್ತೆ ಮತ್ತೆ ನುಡಿಯುವಾಗ, ಅಡುಗೆಮನೆಯಿಂದ ಬಂದ ಅಮ್ಮ ಅದು ತಮ್ಮನ ತಟ್ಟೆಯೆಂದು ಗುರುತಿಸಿ, ಮೊದಲಿನಿಂದ ಇನ್ನೊಮ್ಮೆ ಹಾಕೆಂದರು.