ಬಿಡ್ಲಾಕೂ ಪಗಾರ

ಕಳೆದ ಮೇ ತಿಂಗಳಲ್ಲಿ ನಮಗೆ ಶರೀರಕ್ರಿಯಾಶಾಸ್ತ್ರ ಕಲಿಸಿದ ಗುರುಗಳು ಕಲಬುರಗಿಯಲ್ಲಿ ಲಿಂಗೈಕ್ಯರಾದರು. ಅಂದು ಸೇರಿದ ಹಳೆಯ ವಿದ್ಯಾರ್ಥಿಗಳಲ್ಲಿ ಒಬ್ಬರಿಗೂ ಪಠ್ಯದ ಪಾಠಗಳ ಹೆಸರು ನೆನಪಿರಲಿಲ್ಲ. ಕಪ್ಪೆಯ ಕಾಲು ಮಾತ್ರ ಎಲ್ಲರಿಗೂ ನೆನಪಿತ್ತು.

ಶಹಾಬಾದ್ ಫರ್ಸಿಯ ಮೇಜು, ಅದರ ಮೇಲೆ ಕೈಮೋಗ್ರಾಫಿನ, ಅಂದರೆ ಸ್ನಾಯುವಿನ ಜಗ್ಗಾಟವನ್ನು ಗೆರೆಯಾಗಿ ಬರೆಯುವ ಯಂತ್ರದ, ತಿರುಗುವ ಡ್ರಮ್ಮು. ಡ್ರಮ್ಮಿಗೆ ಸುತ್ತಿದ ನುಣುಪು ಕಾಗದಕ್ಕೆ ಸೀಮೆಎಣ್ಣೆ ದೀಪದ ಮಸಿ ಹಿಡಿಸಬೇಕು, ತೆಳ್ಳಗೆ. ದಪ್ಪವಾದರೆ ಅದನ್ನು ಕೆರೆಯುವುದರಲ್ಲೇ ಸ್ನಾಯುವಿನ ಬಲ ಹೋಗಿ ಗೆರೆ ಗಿಡ್ಡಾಗುತ್ತದೆ. ಕಪ್ಪೆಯ ಮೀನಖಂಡದ ಸ್ನಾಯುವನ್ನು ಅದರ ನರದ ಸಮೇತ ಬಿಡಿಸಬೇಕು. ನರ ಎತ್ತಲು ಗಾಜಿನ ಕಡ್ಡಿಯೇ ಆಗಬೇಕು. ಚಿಮಟದಲ್ಲಿ ಹಿಚುಕಿದಿರೋ, ನರ ಸತ್ತಂತೆ. ಸ್ನಾಯು ಒಣಗದಂತೆ ಮೇಲೆ ಹನಿಹನಿಯಾಗಿ ರಿಂಗರ್ ದ್ರಾವಣ ಬಿಡುತ್ತಿರಬೇಕು: ಒಂದು ಲೀಟರಿಗೆ ಉಪ್ಪು 6.5 ಗ್ರಾಂ, ಪೊಟ್ಯಾಸಿಯಂ ಕ್ಲೋರೈಡ್ 0.14, ಸೋಡಾ ಬೈಕಾರ್ಬ್ 0.2, ಕೊನೆಗೆ ಕ್ಯಾಲ್ಸಿಯಂ ಕ್ಲೋರೈಡ್ 0.12. ಕ್ಯಾಲ್ಸಿಯಂ ಮೊದಲೇ ಸುರಿದರೆ ನೀರು ಬೆಳ್ಳಗೆ ಕದಡುತ್ತದೆ.

ನರಕ್ಕೆ ಒಂದು ವಿದ್ಯುತ್ ಪೆಟ್ಟು ಕೊಟ್ಟರೆ ಸೆಕೆಂಡಿನ ಹತ್ತನೇ ಒಂದು ಪಾಲಿನಲ್ಲಿ ಆಟ ಮುಗಿಯಿತು. ಮೊದಲ 0.01 ಸೆಕೆಂಡು ಏನೂ ಇಲ್ಲ, ಮುಂದೆ 0.04 ಎಳೆತ, 0.05 ಸಡಿಲಿಕೆ. ‘ಎಳೆಯೋದಕ್ಕಿಂತ ಬಿಡೋದಕ್ಕ ಹೊತ್ತು ಜಾಸ್ತಿ ಯಾಕಪಾ?’ ಎಂದು ಕೇಳುತ್ತಿದ್ದರು. ಸರಿ ಉತ್ತರ ಕೊಟ್ಟದ್ದು ನಮ್ಮ ಬ್ಯಾಚೊಂದೇ ಅಂದಿದ್ದರು. (ಎಲ್ಲ ಬ್ಯಾಚಿಗೂ ಹಾಗೇ ಅನ್ನುತ್ತಿದ್ದರಂತೆ.)

ನರದ ಸಂದೇಶ ಬಂದೊಡನೆ ಸ್ನಾಯುಕೋಶದ ಒಳಚೀಲಗಳಿಂದ ಕ್ಯಾಲ್ಸಿಯಂ ಹೊರಬೀಳುತ್ತದೆ, ಮೈಯೋಸಿನ್ ಎಂಬ ಪ್ರೋಟೀನಿನ ತಲೆಗಳು ಆಕ್ಟಿನ್ ಎಂಬ ಇನ್ನೊಂದು ಪ್ರೋಟೀನಿನ ಎಳೆಯನ್ನು ಹಿಡಿದು ಜಗ್ಗುತ್ತವೆ. ಹಿಡಿತ ಬಿಡಿಸಲು ಪ್ರತಿ ತಲೆಗೂ ಹೊಸ ಎಟಿಪಿ, ಅಂದರೆ ಕೋಶದ ಇಂಧನದ ಅಣು, ಬೇಕು. ಕ್ಯಾಲ್ಸಿಯಮ್ಮನ್ನು ಚೀಲಕ್ಕೆ ಮರಳಿ ತುಂಬಲಿಕ್ಕೂ ಎಟಿಪಿಯೇ. ‘ಬಾವ್ಯಾಗಿಂದ ಕೊಡ ಸೇದುವಾಗ ಒಂದು ಕೈ ಬಿಟ್ಟರೇ ಮುಂದಿನ ಹಗ್ಗ ಸಿಗತದ. ಇದಕ್ಕ ಎಳೀಲಾಕಷ್ಟೇ ಅಲ್ಲ, ಬಿಡ್ಲಾಕೂ ಪಗಾರ ಕೊಡಬೇಕು.’ ಹೃದಯದ್ದು, ಕರುಳಿನದು ಎಂದು ಉಳಿದೆರಡು ಬಗೆಯ ಸ್ನಾಯುಗಳನ್ನೂ ಕಲಿಸಿದರು. ಅವು ಎಲ್ಲಿ ಹೋದವೋ.

ಒಮ್ಮೆ ಹಿಂದಿನ ಮೇಜಿನವರು ರಿಂಗರ್ ಬಾಟಲಿಗೆ ಬರೀ ಬಟ್ಟಿ ಇಳಿಸಿದ ನೀರು ತುಂಬಿಟ್ಟರು. ಮುಂದಿನ ಮೇಜುಗಳಲ್ಲಿ ಸ್ನಾಯು ಊದಿ, ಬೆಳ್ಳಗಾಗಿ, ಕೊರಡಿನಂತೆ ಸೆಟೆದು ನಿಂತಿತು. ಗುರುಗಳು ಬಾಟಲಿಯ ನೀರನ್ನು ಬೆರಳಿಗೆ ಹಚ್ಚಿ ನಾಲಿಗೆಗಿಟ್ಟು, ‘ಉಪ್ಪಿಲ್ಲ’ ಅಂದರು. ಬೈಯಲಿಲ್ಲ. ಆ ಸೆಟೆದ ಸ್ನಾಯುವನ್ನೇ ಎತ್ತಿ ಹಿಡಿದು, ನೀರು ಕೋಶದೊಳಗೆ ನುಗ್ಗುವ ಬಗೆಯನ್ನು ಅರ್ಧ ತಾಸು ವಿವರಿಸಿದರು. ತಪ್ಪು ಮಾಡಿದವರಿಗೆ ಸಿಕ್ಕ ಶಿಕ್ಷೆ ಒಂದೇ: ವಾರವಿಡೀ ಎಲ್ಲರಿಗೂ ದ್ರಾವಣ ತೂಗಿಕೊಡುವುದು.

ಈಗ ಇದೇ ಪ್ರಯೋಗ ಕಂಪ್ಯೂಟರ್ ಪರದೆಯ ಮೇಲೆ ನಡೆಯುತ್ತದೆ. ಕಪ್ಪೆಗಳು ಉಳಿದವು, ಅದು ಒಳ್ಳೆಯದೇ. ಆದರೆ ಪರದೆಯ ಸ್ನಾಯು ಒಣಗುವುದಿಲ್ಲ, ಗೆರೆ ಯಾವಾಗಲೂ ಪುಸ್ತಕದ ಹಾಗೇ ಬರುತ್ತದೆ. ಕೆಡಿಸಲು ಬಾರದ ಪ್ರಯೋಗದಲ್ಲಿ ಹುಡುಗರು ಏನು ಹುಡುಕಿಯಾರು?

ಗುರುಗಳ ಮನೆಯಲ್ಲಿ ಅಂದು ಹಿರಿಯರದು ಒಂದೇ ಅವಸರ: ‘ಲಗೂನ ಕೂಡ್ರಸ್ರಿ, ಮೈ ಸೆಟೀತದ.’ ಉಸಿರು ನಿಂತ ಮೇಲೆ ಎಟಿಪಿ ತೀರುತ್ತದೆ, ಹಿಡಿದ ತಲೆಗಳು ಬಿಡಲಾರವು. ಎರಡು ಮೂರು ತಾಸಿನಲ್ಲಿ ಕಣ್ಣರೆಪ್ಪೆ, ದವಡೆಯಿಂದ ಶುರು, ಮೇ ತಿಂಗಳ ಸೆಖೆಯಲ್ಲಿ ಇನ್ನೂ ಬೇಗ. ನಾವು ಮನೆ ಮುಟ್ಟುವಷ್ಟರಲ್ಲಿ ಮೊಣಕಾಲು ಮಡಚಿ, ಗೋಡೆಗೆ ಆನಿಸಿ, ಹಣೆಗೆ ವಿಭೂತಿ ಹಚ್ಚಿ ಕೂಡ್ರಿಸಿದ್ದರು. ಗದ್ದಕ್ಕೆ ಬಿಳಿ ಅರಿವೆ ಕಟ್ಟಿತ್ತು.