ಕೊಳೆತ ಟೊಮೆಟೊದ ಕರೆಂಟು

ಸಿಕಂದರಾಬಾದಿನಲ್ಲಿ ಮದುವೆಯೂಟ ಮುಗಿದಿತ್ತು. ಮರುದಿನ ಬೀದರಿನ ರೈಲಿಗೆ ಇನ್ನೂ ಅರ್ಧ ದಿನ ಬಾಕಿ. "ಚಾರ್ಮಿನಾರ್ ಎಷ್ಟು ಸಲ ನೋಡ್ತೀರಿ ಮಾಮಾ? ನಡೀರಿ, ಕಸ ನೋಡಿ ಬರೋಣ್ರಿ" ಎಂದ ಹೆಂಡತಿಯ ತಮ್ಮ. ಬೈಕು ನಿಂತದ್ದು ಬೋಯಿನ್‌ಪಲ್ಲಿ ತರಕಾರಿ ಮಾರುಕಟ್ಟೆಯಲ್ಲಿ. 2021ರ ಜನವರಿಯಲ್ಲಿ ಪ್ರಧಾನಿ 'ಮನ್ ಕೀ ಬಾತ್'ನಲ್ಲಿ ಹೊಗಳಿದ್ದು ಇಲ್ಲಿ ಕಸದಿಂದ ಕರೆಂಟು ಮಾಡುವುದನ್ನೇ.

ಇಲ್ಲಿ ದಿನಕ್ಕೆ ಸುಮಾರು 10 ಟನ್ ತರಕಾರಿ ಕಸ ಬೀಳುತ್ತದೆ. ಅದನ್ನು ಸುಡುವ ಮಾತೇ ಇಲ್ಲ. ಟೊಮೆಟೊ ಎಂದರೆ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರು. ಕೊಳೆಸುವುದೇ ದಾರಿ. ತಂತ್ರಜ್ಞಾನ ಇದೇ ಊರಿನ ಐಐಸಿಟಿ (ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ) ವಿಜ್ಞಾನಿಗಳದು. ತತ್ವ ಮಾತ್ರ ನಮ್ಮ ಹಳ್ಳಿಯ ಗೋಬರ್ ಗ್ಯಾಸಿನದೇ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕಸ ಸಾಗಿಸುವ ಬೆಲ್ಟಿನ ಪಕ್ಕ ಕೂತಿದ್ದ ಹೆಂಗಸು. ಕೋಸಿನ ಎಲೆ, ಮುದುಡಿದ ಬದನೆ ಸಾಗುತ್ತಿದ್ದಂತೆ ಆಕೆಯ ಕೈ ಹಕ್ಕಿಯಂತೆ ಎರಗಿ ಚೀಲದ ದಾರ, ಕ್ಯಾರಿಬ್ಯಾಗು ಎತ್ತಿಕೊಳ್ಳುತ್ತಿತ್ತು. "ಪ್ಲಾಸ್ಟಿಕ್ ನಕ್ಕೋ, ರಸ್ಸಿ ನಕ್ಕೋ" (ಪ್ಲಾಸ್ಟಿಕ್ ಬೇಡ, ದಾರ ಬೇಡ) ಎಂದು ನಕ್ಕಳು. ದಾರ ಒಳಗೆ ಹೋದರೆ ಚೂರು ಮಾಡುವ ಯಂತ್ರದ ಹಲ್ಲಿಗೆ ಸುತ್ತಿಕೊಳ್ಳುತ್ತದಂತೆ. ಆಕೆಯ ಉಗುರಿನ ಸಂದಿಯಲ್ಲಿ ಟೊಮೆಟೊ ಬೀಜ ಒಣಗಿ ಅಂಟಿತ್ತು.

ಚೂರಾದದ್ದು ಗಂಜಿಯಂತಾಗಿ ಗಾಳಿಯಾಡದ ತೊಟ್ಟಿ ಸೇರುತ್ತದೆ. ಅಲ್ಲಿ ಬ್ಯಾಕ್ಟೀರಿಯಾ ಅದನ್ನು ತಿಂದು ಮೀಥೇನ್ ಬಿಡುತ್ತವೆ. ಆ ಗ್ಯಾಸಿನಿಂದ ಓಡುವ ಜನರೇಟರ್ ದಿನಕ್ಕೆ ಸುಮಾರು 500 ಯೂನಿಟ್ ಕೊಡುತ್ತದೆ. ಮಾರುಕಟ್ಟೆಯ ಬೀದಿದೀಪ, ಅಂಗಡಿ, ನೀರಿನ ಪಂಪಿಗೆ ಅದೇ. ಸ್ವಲ್ಪ ಗ್ಯಾಸು ಕ್ಯಾಂಟೀನಿನ ಒಲೆಗೆ. ಉಳಿದ ಸ್ಲರಿ ಗೊಬ್ಬರ.

500 ಯೂನಿಟ್ ಎಂದರೆ ಎಷ್ಟು? ಗೃಹಜ್ಯೋತಿಯಲ್ಲಿ ಒಂದು ಮನೆಗೆ ತಿಂಗಳಿಗೆ ಸಿಗುವ ಮಿತಿ 200 ಯೂನಿಟ್. ಹತ್ತು ಟನ್ ಕಸ ಕೊಳೆತರೆ ಎರಡೂವರೆ ಮನೆಯ ತಿಂಗಳು! ಬರೀ ಕರೆಂಟಿಗಾಗಿ ಯಾರೂ ಇಷ್ಟು ಪಾಡು ಪಡಬೇಕಿಲ್ಲ. ಆದರೆ ಆ ಹತ್ತು ಟನ್ ಲಾರಿ ಹತ್ತಿ ಇನ್ನೊಂದು ಊರಿನ ಮಗ್ಗುಲಿಗೆ ಹೋಗಿ ಬೀಳಲಿಲ್ಲ. ಬೆಂಗಳೂರಿನ ಕಸ ಸುರಿಸಿಕೊಂಡಿದ್ದ ಮಂಡೂರಿನವರನ್ನು ಕೇಳಿದರೆ ಇದರ ಬೆಲೆ ಹೇಳಿಯಾರು.

ಮನೆಕಸದಲ್ಲಿ ಇದು ಇಷ್ಟು ಸಲೀಸಲ್ಲ. ಅಲ್ಲಿ ಕೋಸಿನ ಜೊತೆ ಬ್ಲೇಡೂ ಇರುತ್ತದೆ, ಡೈಪರೂ ಇರುತ್ತದೆ.

ಕ್ಯಾಂಟೀನಿನಲ್ಲಿ ಚಹಾ ಕುಡಿದೆವು. ಏನಾದರೂ ನಾತ ಬರುತ್ತದೋ ಎಂದು ಲೋಟ ಮೂಸಿದೆ; ಶುಂಠಿಯದು ಬಿಟ್ಟು ಬೇರೆ ಇರಲಿಲ್ಲ. ಸಂಜೆ ರೈಲಿನಲ್ಲಿ ಮಾತ್ರ ಪಕ್ಕದವರು ಸರಿದು ಕೂತರು. ಬಗ್ಗಿ ನೋಡಿದರೆ ಚಪ್ಪಲಿಯ ಅಡಿಗೆ ಬೋಯಿನ್‌ಪಲ್ಲಿಯ ಟೊಮೆಟೊ.